ನೀವು ಪರೀಕ್ಷಿಸಿದ್ದು ನೆಂಟರ ಬಿಂದಿಗೆಯನ್ನು, ನಮ್ಮ ಬಾವಿಯನ್ನಲ್ಲ

ಬೇಸಿಗೆಯ ಗ್ರಾಮ ಆರೋಗ್ಯ ತರಬೇತಿಗೆ ಮಕ್ಕಳನ್ನು ಆರಿಸುವ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನ ಮೊಮ್ಮಗಳ ಅರ್ಜಿಯನ್ನು ನೀವು ಒಪ್ಪಿಕೊಂಡಿದ್ದೀರಿ. ಅಜ್ಜಿ ಉಪಕಾರ ನೆನೆಯಲು ಬರೆದಿದ್ದಾಳೆ ಎಂದುಕೊಳ್ಳಬೇಡಿ. ತರಬೇತಿಯ ಕೆಲಸಕ್ಕೆ ಅವಳು ಕೇಳಿದ್ದು ತನ್ನ ಊರನ್ನೇ, ನಮ್ಮ ಬಾವಿಯ ನೀರನ್ನು ಪರೀಕ್ಷೆ ಮಾಡಿಸಬೇಕೆಂದು. ನೀವು ಕೊಟ್ಟಿದ್ದು ಅವಳು ಹೆಸರೂ ಕೇಳಿರದ ದೂರದ ಊರನ್ನು. ಸ್ವಂತ ಊರಿನಲ್ಲಿ ಅಭ್ಯರ್ಥಿ ನಿಷ್ಪಕ್ಷಪಾತವಾಗಿ ಕೆಲಸ ಮಾಡಲಾರಳು ಎಂದು ಕಾರಣ ಕೊಟ್ಟಿದ್ದೀರಿ. ಹಾಗಾದರೆ ನಮ್ಮೂರಿಗೆ ಬೇರೆ ಯಾರನ್ನಾದರೂ ಕಳಿಸಿ ಎಂದರೆ, ಅಲ್ಲಿನ ನೀರು ಕುಡಿಯಲು ಯೋಗ್ಯವೆಂದು ವರದಿ ಇರುವುದರಿಂದ ಯಾರನ್ನೂ ಕಳಿಸುವ ಅಗತ್ಯವಿಲ್ಲ ಎಂದಿರಿ. ಆ ಯೋಗ್ಯವಾದ ನೀರನ್ನು ಕುಡಿದು ನನ್ನ ಕಿರಿ ಸೊಸೆ ಕಾಮಾಲೆಯಾಗಿ, ಹೊಟ್ಟೆಯಲ್ಲಿದ್ದ ಕೂಸಿನ ಸಮೇತ ಹೋದಳು. ನಿಮ್ಮ ಕಚೇರಿಗೆ ಇದನ್ನು ಬರೆದು ಕಳಿಸಿದೆವು, ಉತ್ತರ ಬರಲಿಲ್ಲ. ಅದಕ್ಕೇ ಈಗ ಊರೆಲ್ಲ ಓದುವಂತೆ ಪತ್ರಿಕೆಗೆ ಬರೆಯುತ್ತಿದ್ದೇನೆ.

ಆ ವರದಿ ಹುಟ್ಟಿದ್ದು ಹೇಗೆಂದು ನಿಮಗೆ ತಿಳಿಯದು. ನಮಗೂ ತಿಳಿದದ್ದು ಹೆಣ ಎತ್ತಿದ ಮೇಲೆ. ಎರಡು ಬೇಸಿಗೆಯ ಹಿಂದೆ ನಿಮ್ಮ ಇದೇ ತರಬೇತಿಯ ಹುಡುಗಿಯೊಬ್ಬಳು ನಮ್ಮೂರಿಗೆ ಬಂದಿದ್ದಳು. ಒಳ್ಳೆಯ ಮಗು. ನಮ್ಮ ಮನೆಯಲ್ಲೇ ಇಳಿದುಕೊಂಡಿದ್ದಳು. ಬೆಳಗಾದರೆ ಮನೆಮನೆಗೆ ಹೋಗಿ ಯಾರಿಗೆ ಕೆಮ್ಮು, ಯಾರಿಗೆ ಭೇದಿ ಎಂದು ಕೇಳಿ ಬರೆದುಕೊಳ್ಳುತ್ತಿದ್ದಳು. ಸಂಜೆ ನನ್ನ ಕಿರಿ ಸೊಸೆಯ ಪಕ್ಕದಲ್ಲಿ ಕೂತು ಬಟ್ಟೆ ಮಡಿಸುತ್ತಿದ್ದಳು. ಇಬ್ಬರೂ ನಗಲು ಶುರು ಮಾಡಿದರೆ ಯಾಕೆ ನಗುತ್ತಿದ್ದಾರೆಂದು ಅವರಿಗೇ ಗೊತ್ತಿರುತ್ತಿರಲಿಲ್ಲ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಇದನ್ನು ಓದಿ ಅವಳನ್ನು ಕರೆಸಿ ಬೈದು ನೀವು ಕೈ ತೊಳೆದುಕೊಂಡರೆ ಮಾತ್ರ ನನಗೆ ಸಿಟ್ಟು ಬರುತ್ತದೆ.

ನಮ್ಮೂರಿಗೆ ಇರುವುದು ಒಂದೇ ಬಾವಿ. ಅದರ ಮೇಲುಗಡೆ, ಇಳಿಜಾರಿನಲ್ಲಿ, ನಿಮ್ಮಂಥದೇ ಇನ್ನೊಂದು ಕಚೇರಿಯವರು ಸಾಲಾಗಿ ಕಕ್ಕಸು ಕಟ್ಟಿಸಿ ಫೋಟೋ ತೆಗೆಸಿಕೊಂಡು ಹೋದರು. ಮಳೆ ಬಿದ್ದರೆ ಗುಂಡಿಯಲ್ಲಿರುವುದು ಯಾವ ಕಡೆ ಹರಿಯುತ್ತದೆ ಎಂದು ತಿಳಿಯಲು ಓದಬೇಕಾಗಿಲ್ಲ, ಮೂಗಿದ್ದರೆ ಸಾಕು. ಆಮೇಲೆ ನೀರಿನ ಬಣ್ಣ ಬದಲಾಯಿತು, ರುಚಿ ಕೆಟ್ಟಿತು. ಗುಡ್ಡದ ಬುಡದಲ್ಲಿ ಒಂದು ಒರತೆಯಿದೆ, ನೀರು ಕನ್ನಡಿಯಂತಿರುತ್ತದೆ. ಆದರೆ ಅದು ಒಸರುವುದು ಮುದುಕಿಯ ಕಣ್ಣೀರಿನಂತೆ. ಒಂದು ಬಿಂದಿಗೆ ತುಂಬುವಷ್ಟರಲ್ಲಿ ಹೋದವಳು ಬಾಲ್ಯದಿಂದ ಹಿಡಿದು ಎಲ್ಲವನ್ನೂ ನೆನೆಸಿಕೊಂಡು ಮುಗಿಸಿರುತ್ತಾಳೆ. ಊರಿಗೆಲ್ಲ ಅದು ಸಾಲುವುದು ಎಲ್ಲಿ ಬಂತು? ಹಾಗಾಗಿ ಯಾರ ಮನೆಗಾದರೂ ನೆಂಟರು ಬಂದರೆ ಮಾತ್ರ ಅವರಿಗೆಂದು ಒಂದು ಬಿಂದಿಗೆ ತರುತ್ತೇವೆ. ಅದನ್ನು ಅಡುಗೆಮನೆಯ ಮೂಲೆಯಲ್ಲಿ ಬೇರೆಯಾಗಿ ಇಡುತ್ತೇವೆ. ಮನೆಯವರು, ಮಕ್ಕಳು ಕೂಡ, ಅದನ್ನು ಮುಟ್ಟುವುದಿಲ್ಲ.

ಈ ಮಾತನ್ನು ನೆಂಟರಿಗೆ ಹೇಳುವುದೂ ಇಲ್ಲ. ಕೊಟ್ಟದ್ದನ್ನು ಎತ್ತಿ ಆಡಬಾರದು. "ನೋಡಮ್ಮ, ಇದು ನಿನಗಾಗಿ ಗುಡ್ಡದಿಂದ ಹೊತ್ತು ತಂದ ನೀರು, ನಾವು ಕುಡಿಯೋದು ಬೇರೆ" ಎಂದು ಮನೆಗೆ ಬಂದ ಮಗುವಿಗೆ ಹೇಳಿದರೆ, ಅದು ಆ ನೀರನ್ನು ಹೇಗೆ ನುಂಗೀತು? ನಿಮ್ಮ ಹುಡುಗಿಗೂ ಹೇಳಲಿಲ್ಲ. ಅವಳಿಗೆ ನೀವು ಕೊಟ್ಟಿದ್ದ ಸೂಚನೆ, ಮನೆಯವರು ಕುಡಿಯುವ ನೀರನ್ನು ಪಾತ್ರೆಯಿಂದಲೇ ಬಾಟಲಿಗೆ ತುಂಬಿ ತರಬೇಕು ಎಂದು. ತಾನು ದಿನವೂ ಕುಡಿಯುತ್ತಿದ್ದ ಬಿಂದಿಗೆಯಿಂದ ಅವಳು ತುಂಬಿದಳು. ಪಕ್ಕದ ಮನೆಗಳಿಗೆ ಹೋದಾಗ, ತರಬೇತಿಯವಳು ಬರುತ್ತಾಳೆಂದು ಅವರೂ ಒರತೆ ನೀರು ತಂದಿಟ್ಟಿದ್ದರು. ಊರಿನ ಮಾನ ಹೋಗಬಾರದಲ್ಲ. ಬಾಟಲಿಗಳೆಲ್ಲ ಪಟ್ಟಣಕ್ಕೆ ಹೋದವು, ಎಲ್ಲವೂ ಪಾಸಾದವು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ನೀರು ಚೆನ್ನಾಗಿದೆ ಎಂಬ ಕಾಗದ ಬಂದದ್ದೇ ತಡ, ನಮ್ಮೂರಿಗೆ ಹಾಕಬೇಕೆಂದಿದ್ದ ಕೊಳವೆ ನೀರನ್ನು ಬೇರೆ ಊರಿಗೆ ಕೊಟ್ಟರು. ಬಾವಿಗೆ ಔಷಧಿ ಪುಡಿ ಹಾಕುವವನು ಬರುವುದನ್ನು ನಿಲ್ಲಿಸಿದ. ಮಳೆ ಬಂತು. ಕಣ್ಣು ಮೊದಲು ಹಳದಿಯಾದದ್ದು ಗಾರೆ ಕೆಲಸದವನದು, ಆಮೇಲೆ ಶಾಲೆಯ ಮಕ್ಕಳದು. ಅವರೆಲ್ಲ ಎದ್ದುಕೊಂಡರು. ಬಸುರಿಯರಿಗೆ ಈ ರೋಗ ಬೇರೆ ಲೆಕ್ಕದ್ದಂತೆ, ಅದನ್ನು ವೈದ್ಯರು ಹೇಳಿದ್ದು ನನ್ನ ಕಿರಿ ಸೊಸೆಗೆ ಎಚ್ಚರ ತಪ್ಪಿದ ಮೇಲೆ. ಆಸ್ಪತ್ರೆಯ ಉದ್ದನೆಯ ಓಣಿಯಲ್ಲಿ ನನ್ನ ಕಿರಿ ಮಗ ಗೋಡೆಗೆ ಹಣೆಯಿಟ್ಟು ನಿಂತಿದ್ದ. ಆಯಾ ಬಂದು ಹೆಣ್ಣು ಮಗುವಿತ್ತು ಎಂದಳು. ಕೇಳಿದ್ದು ಯಾರು ಅವಳನ್ನು?

ಪಟ್ಟಣದಲ್ಲಿ ಜನರ ಆರೋಗ್ಯದ ಬಗ್ಗೆಯೇ ಓದುತ್ತಿರುವ ಮೊಮ್ಮಗಳು, ನೀರಿನ ಪಾಠ ಮಾಡಿದ ದಿನ ತರಗತಿಯಿಂದ ಎದ್ದು ಬಂದು ನನಗೆ ಫೋನು ಮಾಡಿದಳು.

"ಅಜ್ಜಿ, ಆ ಅಕ್ಕ ಬಾಟಲಿಗೆ ಯಾವ ಬಿಂದಿಗೆಯಿಂದ ತುಂಬಿದ್ಲು?"

"ಅವಳಿಗೆ ಇಟ್ಟಿದ್ವಲ್ಲ, ಅದರಿಂದ."

ಅದೇ ಮಾತನ್ನು ಅವಳು ನನ್ನಿಂದ ಇನ್ನೊಮ್ಮೆ ಹೇಳಿಸಿದಳು. ಆಮೇಲೆ, "ಬಾವಿಯಿಂದ ಒಂದೂ ಇಲ್ವಾ?" ಎಂದಳು. ಒಂದೂ ಇಲ್ಲ ಎಂದೆ. ಆ ವಾರವೇ ನಿಮಗೆ ಅರ್ಜಿ ಹಾಕಿದಳು.

ನಾನು ಸುಮ್ಮನೆ ಕೂರುವವಳಲ್ಲ. ಬಾವಿಯಿಂದ ಸೇದಿದ ನೀರನ್ನು ತುಂಬಿಕೊಂಡು ಬಸ್ಸು ಹತ್ತಿ ನಿಮ್ಮ ಕಚೇರಿಗೇ ಹೋದೆ. ಕಿಟಕಿಯಲ್ಲಿದ್ದ ಗುಮಾಸ್ತ ಮರ್ಯಾದೆಯವನೇ, ಕುರ್ಚಿ ಕೊಟ್ಟ. ಮನೆಯಿಂದ ತಂದ ನೀರು ನಡೆಯುವುದಿಲ್ಲ, ತರಬೇತಿ ಆದವರೇ ತುಂಬಿ ತರಬೇಕು ಎಂದ. ನೀರು ಸೇದುವುದರಲ್ಲಿ ನನಗಿರುವಷ್ಟು ತರಬೇತಿ ನಿಮ್ಮ ಕಚೇರಿಯಲ್ಲಿ ಯಾರಿಗಿದೆಯಪ್ಪ ಎಂದು ಕೇಳಿದೆ. ಅವನು ನಕ್ಕ. ನಾನು ತಂದ ಬಾಟಲಿ ಅವನ ಮೇಜಿನ ಮೇಲೆ ಸ್ವಲ್ಪ ಹೊತ್ತು ನಿಂತಿದ್ದು, ನನ್ನ ಜೊತೆ ವಾಪಸು ಬಂತು.

ಇನ್ನು ನಿಮ್ಮ ಸಂದರ್ಶನ. ಹಳ್ಳಿಯ ಬದುಕಿಗೆ ಹೊಂದಿಕೊಳ್ಳುವೆಯಾ ಎಂದು ಅವಳನ್ನು ಕೇಳಿದಿರಂತೆ. ನಾನು ಹಳ್ಳಿಯವಳೇ, ಪಟ್ಟಣಕ್ಕೆ ಹೊಂದಿಕೊಳ್ಳುವುದೇ ಕಷ್ಟವಾಯಿತು ಎಂದಳಂತೆ. ಎಲ್ಲರೂ ನಕ್ಕಿರಂತೆ, ಒಳ್ಳೆಯದು. ಆಮೇಲೆ ಅವಳು ಬಿಂದಿಗೆಯ ಕಥೆ ಹೇಳತೊಡಗಿದಾಗ ನಿಮ್ಮಲ್ಲೊಬ್ಬರು, "ಭಾವನೆ ಬೇಡಮ್ಮ, ವಿಷಯಕ್ಕೆ ಬಾ" ಎಂದರಂತೆ.

"ನಮ್ಮ ಚಿಕ್ಕಮ್ಮ ಸತ್ತಿದ್ದೇ ವಿಷಯ ಸಾರ್."

ಇಷ್ಟು ಹೇಳಿದ್ದಕ್ಕೆ ಅವಳು ಪಕ್ಷಪಾತಿಯಾದಳು. ನಿಷ್ಪಕ್ಷಪಾತ ಎಂದರೇನು ಸ್ವಾಮಿ? ಬಾವಿ ಏನು ನಮ್ಮ ದಾಯಾದಿಯೇ, ಅದಕ್ಕೆ ಕೆಟ್ಟ ಹೆಸರು ತರಲು ನಾವು ಹೊಂಚು ಹಾಕುತ್ತಿದ್ದೇವೆಯೇ? ನಮ್ಮ ನೀರು ಹೊಲಸು ಎಂದು ಬರೆಸಿಕೊಂಡರೆ ನಮಗೆ ಬಹುಮಾನ ಬರುತ್ತದೆಯೇ? ನಮ್ಮೂರಿಗೆ ಹೆಣ್ಣು ಕೊಡುವವರೂ ಹಿಂದೆಮುಂದೆ ನೋಡುತ್ತಾರೆ, ಅಷ್ಟೇ. ಪಕ್ಷವಿಲ್ಲದ ಹುಡುಗಿಯನ್ನು ನೀವು ಒಮ್ಮೆ ಕಳಿಸಿ ನೋಡಿದ್ದೀರಿ. ಅವಳು ಯಾರ ಪಕ್ಷವೂ ಅಲ್ಲದ ಕಾರಣಕ್ಕೇ ನಾವು ಅವಳಿಗೆ ಒಳ್ಳೆಯ ನೀರು ಕೊಟ್ಟೆವು. ಮನೆಯ ಮಗಳಿಗೆ ಯಾರಾದರೂ ನೆಂಟರ ಬಿಂದಿಗೆ ಇಡುತ್ತಾರೆಯೇ? ನನ್ನ ಮೊಮ್ಮಗಳಾದರೆ ಬಂದವಳೇ ಬಾವಿಕಟ್ಟೆಗೆ ಹೋಗುತ್ತಿದ್ದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರ ಕಥೆ ಕೇಳಿದ್ದೆ, ಈಗ ಅವರ ರುಜು ಮತ್ತು ಮೊಹರನ್ನೂ ನೋಡಿದೆ.

ಕುದಿಸಿ ಕುಡಿಯಿರಿ ಎಂದು ನೀವು ಹೇಳುತ್ತೀರಿ. ಕುದಿಸುತ್ತಿದ್ದೇವೆ. ನನ್ನ ದೊಡ್ಡ ಮೊಮ್ಮಗನ ಹೆಂಡತಿ ಈಗ ಬಸುರಿ. ಅವಳಿಗೆ ನಾನೇ ಕುದಿಸಿ, ಆರಿಸಿ, ಮುಚ್ಚಿಡುತ್ತೇನೆ. ಆದರೆ ಅವಳು ಇಟ್ಟಿಗೆ ಗೂಡಿಗೆ ಕೆಲಸಕ್ಕೆ ಹೋಗುತ್ತಾಳೆ. ಆ ಬೆಂಕಿಯ ಪಕ್ಕದಲ್ಲಿ ಅಜ್ಜಿ ಕಳಿಸಿದ್ದು ಮುಗಿದ ಮೇಲೆ ಬಾಯಾರಿಕೆ ಕಾಯುತ್ತದೆಯೇ? ಅಲ್ಲಿಯೂ ಇರುವುದು ಇದೇ ಬಾವಿಯ ನೀರು. ಹೋಗಬೇಡ ಎಂದೆ. "ಮನೇಲಿ ಕೂತ್ರೆ ಹೆರಿಗೆ ಆಸ್ಪತ್ರೆಗೆ ಏನು ಕೊಡೋದು ಅಜ್ಜಿ, ನಿಮ್ಮ ನಾಲಿಗೇನಾ?" ಎಂದಳು. ಅವಳ ಬಾಯಿಯೂ ಕಡಿಮೆಯದಲ್ಲ. ಅವಳಿಗೆ ಚಿಕ್ಕತ್ತೆಯ ನೆನಪಿದೆ. ರಾತ್ರಿ ಮಲಗುವ ಮುಂಚೆ ದೀಪದ ಹತ್ತಿರ ಹೋಗಿ ಕೈಗನ್ನಡಿಯಲ್ಲಿ ತನ್ನ ಕಣ್ಣಿನ ಬಿಳಿಯನ್ನು ನೋಡಿಕೊಳ್ಳುತ್ತಾಳೆ. ನಾನು ನೋಡಿಲ್ಲ ಎಂದು ತಿಳಿದಿದ್ದಾಳೆ.

ಕಳೆದ ವಾರ ಮೊಮ್ಮಗಳು ಫೋನು ಮಾಡಿ, ಆ ದೂರದ ಊರಿಗೆ ನಾನು ಹೋಗುವುದಿಲ್ಲ, ಬರೆದು ಕೊಟ್ಟುಬಿಡುತ್ತೇನೆ ಎಂದಳು. ನಿಮಗೆ ಅನುಕೂಲವಾಗುತ್ತಿತ್ತು. ಆದರೆ ನಾನು ಅವಳನ್ನು ಬೈದೆ.

"ಹೋಗು. ಆ ಊರಲ್ಲೂ ಯಾರೋ ಒಬ್ಬಳು ಬಸುರಿ ಇರ್ತಾಳೆ. ಅವರು ನಿನಗೆ ಅಂತ ಕೊಟ್ಟ ನೀರು ಕುಡಿ, ಬೇಡ ಅನ್ನಬೇಡ. ಬಾಟಲಿಗೆ ಮಾತ್ರ ತುಂಬಬೇಡ. ಅವರ ಮಕ್ಕಳು ಎಲ್ಲಿಂದ ಕುಡೀತಾರೆ ಅಂತ ನೋಡ್ಕೊಂಡು ಅಲ್ಲಿಂದ ತುಂಬು."

ಅತ್ತಳು. ಹೋಗುತ್ತೇನೆ ಎಂದಳು.

ಹೀಗೆ, ಮಾನ್ಯರೇ, ನಿಮ್ಮ ನಿಯಮವನ್ನು ನಾನು ಪಾಲಿಸಿದ್ದೇನೆ. ನನ್ನ ಮಗುವನ್ನು ಗುರುತಿಲ್ಲದವರ ಬಾವಿಗೆ ಕಳಿಸಿದ್ದೇನೆ. ಈಗ ಯಾರದೋ ಮಗುವನ್ನು ನಮ್ಮ ಬಾವಿಗೆ ಕಳಿಸಿ. ನಮ್ಮೂರಿನ ಹಳೆಯ ವರದಿಯನ್ನು ರದ್ದು ಮಾಡಿ, ಊರನ್ನು ಈ ಬೇಸಿಗೆಯ ಪಟ್ಟಿಗೆ ಸೇರಿಸಿ. ಬರುವವರು ಹುಡುಗಿಯಾಗಲಿ ಹುಡುಗನಾಗಲಿ, ನಮ್ಮನ್ನು ದ್ವೇಷಿಸುವವರೇ ಆಗಲಿ, ಹಗ್ಗ ಇಳಿಸಿ ಬಾವಿಯಿಂದಲೇ ಸೇದಿ ತುಂಬಿಕೊಳ್ಳಲಿ. ಪುಡಿ ಹಾಕುವವನನ್ನು ಇವತ್ತೇ ಕಳಿಸಿ, ಅದಕ್ಕೆ ಯಾವ ಪರೀಕ್ಷೆಯೂ ಬೇಕಾಗಿಲ್ಲ. ಇದೆಲ್ಲ ಮೊದಲ ಮಳೆಗೆ ಮುಂಚೆ ಆಗಬೇಕು. ಮಳೆ ಬಿದ್ದ ಮೇಲೆ ನೀವು ಕಳಿಸುವ ಸಮಿತಿ ನಮಗೆ ಬೇಡ. ಆಗ ಬರುವವರಿಗೆ ನಮ್ಮ ಮನೆಯಲ್ಲಿ ಕೂರಲು ಜಾಗವಿರುತ್ತದೋ, ಮಣ್ಣಿಗೆ ಬಂದ ನೆರೆಹೊರೆಯವರೇ ತುಂಬಿರುತ್ತಾರೋ, ನಾನು ಹೇಳಲಾರೆ. ಮೊಮ್ಮಗನ ಹೆಂಡತಿಗೆ ಆರು ತಿಂಗಳು ತುಂಬಿದೆ. ನಿನ್ನೆ ಮಧ್ಯಾಹ್ನದಿಂದ ಮೋಡ ಕಟ್ಟುತ್ತಿದೆ.

ಇಂತಿ,
ನಿಮ್ಮ ಕಡತದ ಪ್ರಕಾರ ಒಳ್ಳೆಯ ನೀರು ಕುಡಿಯುತ್ತಿರುವ,
ಒಬ್ಬ ಸೊಸೆಯನ್ನು ಮಣ್ಣು ಮಾಡಿ ಬಂದ ಅಜ್ಜಿ