ಎಮ್ಮೆಯ ನಂಬರ್ ಪ್ಲೇಟು

ಹೊಳೆನರಸೀಪುರ
14-11-2024, ಗುರುವಾರ

ನನ್ನ ಮುದ್ದು ಮೈತ್ರಿಗೆ,

ಫೋನಿಟ್ಟುಕೊಂಡು ಅಮ್ಮ ಕಾಗದ ಯಾಕೆ ಬರೆದಳು ಎಂದು ನಗಬೇಡ. ಈ ಮನೆಯಲ್ಲಿ ನಿನ್ನ ಫೋನು ಬಂದರೆ ನಿಮ್ಮಪ್ಪ ಸ್ಪೀಕರ್ ಹಾಕಿಸಿ, ಪಕ್ಕದಲ್ಲೇ ಪೇಪರ್ ಹಿಡಿದು ಕೂರುತ್ತಾರೆ. ನಿನ್ನ ಗಂಡನ ಸುದ್ದಿ ಬಂತೋ, ಪೇಪರನ್ನು ಜೋರಾಗಿ ಸದ್ದು ಮಾಡಿ ಮಡಿಸುತ್ತಾರೆ. ಇನ್ನು ವಾಟ್ಸಾಪಿನಲ್ಲಿ ಒತ್ತಕ್ಷರ ಹುಡುಕುವಷ್ಟರಲ್ಲಿ ನನಗೆ ಹೇಳಬೇಕಾದ ಮಾತೇ ಮರೆತುಹೋಗುತ್ತದೆ. ಅದಕ್ಕೇ ಈ ಕಾಗದ. ಪೂರ್ತಿ ಓದು, ನಡುವೆ ಸಿಟ್ಟು ಮಾಡಿಕೊಳ್ಳಬೇಡ. ಏಳು ತಿಂಗಳ ಬಸುರಿ ನೀನು.

ನೀನು ಹಾಕಿದ ಷರತ್ತು ನನ್ನ ನಿದ್ದೆ ಕೆಡಿಸಿದೆ. ಅಪ್ಪ ತಾವಾಗಿಯೇ ಒಂದು ಸಲ ದೇವರಾಜ್ ಅವರನ್ನು ಮನೆಯೊಳಗೆ ಕರೆದರೆ ಮಾತ್ರ ಹೆರಿಗೆಗೆ ಬರುತ್ತೇನೆ, ಇಲ್ಲದಿದ್ದರೆ ಕೊಣನೂರಿನಲ್ಲೇ ಇರುತ್ತೇನೆ ಎಂದೆ. ನಿಮ್ಮತ್ತೆ ನಂಜಮ್ಮನವರು ನಿನ್ನನ್ನು ಅಂಗೈಯಲ್ಲಿಟ್ಟು ನೋಡಿಕೊಳ್ಳುತ್ತಾರೆ, ನಾನು ಇಲ್ಲವೆನ್ನುವುದಿಲ್ಲ. ಆದರೆ ಚೊಚ್ಚಲ ಬಾಣಂತನ ನನ್ನ ಕೈಯಲ್ಲಿ ಆಗಲಿಲ್ಲವೆಂದರೆ ನನಗೆ ತಡೆಯಲಾಗದು ಮೈತ್ರಿ. ಎಣ್ಣೆ ಕಾಯಿಸಿ ಇಟ್ಟಿದ್ದೇನೆ, ಹಳೆ ಪಂಚೆಗಳನ್ನು ಒಗೆದು ಮಡಿಸಿ ಇಟ್ಟಿದ್ದೇನೆ. ಯಾರಿಗೆ ಎಂದು ನಿಮ್ಮಪ್ಪ ಒಂದು ಸಲವೂ ಕೇಳಲಿಲ್ಲ.

ನೀವು ರಿಜಿಸ್ಟರ್ ಮದುವೆಯಾದ ದಿನದಿಂದ ಅವರು ನಿನ್ನ ಗಂಡನ ಜೊತೆ ಒಂದು ಮಾತಾಡಿಲ್ಲ. ಅಳಿಯ ಎಂಬ ಪದವಂತೂ ಅವರ ಬಾಯಲ್ಲಿ ಬಂದೇ ಇಲ್ಲ. ಹೇಳಲೇಬೇಕಾಗಿ ಬಂದರೆ ‘ಆ ಗೊಬ್ಬರದಂಗಡಿ’ ಎನ್ನುತ್ತಾರೆ. ಜಾತಿ ಬೇರೆ ಎಂಬುದು ಊರಿಗೆ ಹೇಳುವ ಕಾರಣ. ಇನ್ನೊಂದು ಕಾರಣ ನನಗೆ ಗೊತ್ತು. ಅವರ ಆಟದ ಜೊತೆಯನ್ನು ದೇವರಾಜ್ ಕರೆದುಕೊಂಡು ಹೋದರು.

ನೀನು ಹೋದ ಮೇಲೂ ಸಂಜೆ ಜಗಲಿಯಲ್ಲಿ ಕೂರುತ್ತಾರೆ. ರಸ್ತೆಯಲ್ಲಿ ಕಾರು ಹೋದರೆ ನಂಬರ್ ಪ್ಲೇಟಿನ ನಡುವಿನ ಎರಡು ಇಂಗ್ಲಿಷ್ ಅಕ್ಷರಗಳನ್ನು ಕೂಗುತ್ತಾರೆ. ಆ ಎರಡೂ ಅಕ್ಷರ ಅದೇ ಕ್ರಮದಲ್ಲಿ ಬರುವ ಉದ್ದದ ಶಬ್ದ ಹೇಳಿ ಅವರನ್ನು ಸೋಲಿಸಲು ನೀನಿಲ್ಲ. ಪಾಪ ಅನ್ನಿಸಿ ಒಂದು ದಿನ ನಾನೇ ‘ಟೊಮ್ಯಾಟೊ’ ಅಂದೆ. ಜೀವನವೆಲ್ಲ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿದ ಮನುಷ್ಯ, ಎದ್ದು ಒಳಗೆ ಹೋದರು.

ಈಗ ವಿಷಯಕ್ಕೆ ಬರುತ್ತೇನೆ. ಸೋಮವಾರ ಹಾಸನದಲ್ಲಿ ನಿಮ್ಮಪ್ಪನ ಕಣ್ಣಿನ ಪೊರೆ ತೆಗೆಸಿದೆವಲ್ಲ, ಚಿಕ್ಕಪ್ಪನ ಮಗ ಕೇದಾರನ ಕಾರಿನಲ್ಲಿ ಹೋಗಿಬಂದೆವು ಎಂದು ನಿನಗೆ ಹೇಳಿದ್ದೆ. ಸುಳ್ಳು. ಹಿಂದಿನ ದಿನವೇ ಕೇದಾರನಿಗೆ ಜ್ವರ ಬರಿಸಿದವಳು ನಾನು. ಅವನೂ ಕಂಬಳಿ ಹೊದ್ದು ಚೆನ್ನಾಗಿಯೇ ನರಳಿದ. ಬೆಳಿಗ್ಗೆ ಬಾಗಿಲ ಮುಂದೆ ಕಾರು ತಂದು ನಿಲ್ಲಿಸಿದವರು ನಿನ್ನ ಗಂಡ. ನಿನಗೂ ಹೇಳಬೇಡಿ ಎಂದು ನಾನೇ ಮಾತು ತೆಗೆದುಕೊಂಡಿದ್ದೆ, ಅವರ ಮೇಲೆ ರೇಗಬೇಡ.

ನಿಮ್ಮಪ್ಪ ಕಾರನ್ನು ನೋಡಿದರು, ನನ್ನನ್ನು ನೋಡಿದರು. ಡಾಕ್ಟರು ಕೊಟ್ಟ ಹೊತ್ತು ಮೀರುತ್ತಿತ್ತು, ಬೇರೆ ದಾರಿಯಿರಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು ಮುಖ ಕಿಟಕಿಗೆ ತಿರುಗಿಸಿದರು. ಹಾಸನದವರೆಗೆ ಕಾರಿನಲ್ಲಿ ಮಾತಾಡಿದ್ದು ಇಂಡಿಕೇಟರ್ ಮಾತ್ರ.

ಬರುವಾಗ ನೋಡು ಪೇಚಾಟ. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದರಲ್ಲಿ ಪೊರೆ ಇನ್ನೂ ಹಾಗೇ ಇದೆ. ಎದುರಿಗೆ ಸಾಲುಸಾಲು ವಾಹನ, ಅವರಿಗೆ ಒಂದು ಪ್ಲೇಟೂ ಕಾಣದು. ಏನು ಹೋಯಿತು ಓದು, ಓದು ಎಂದು ನನ್ನ ಪ್ರಾಣ ತಿಂದರು. ನಾನು ಕನ್ನಡಕ ಹುಡುಕಿ ಮೂಗಿಗೇರಿಸುವಷ್ಟರಲ್ಲಿ ಆ ವಾಹನ ಹಾಸನ ಸೇರಿರುತ್ತಿತ್ತು. ಎಳೆ ಮಗುವಿನಂತೆ ಚಡಪಡಿಸಿದರು.

ಆಗ ದೇವರಾಜ್, ರಸ್ತೆಯಿಂದ ಕಣ್ಣು ತೆಗೆಯದೆ, ಮೆಲ್ಲಗೆ ಹೇಳಿದರು: “ಮುಂದ್ಲ ಕಾರು ಎಂ ಪಿ ಸಾ.”

ನಿಮ್ಮಪ್ಪ ಎಷ್ಟು ಹೊತ್ತು ಸುಮ್ಮನಿರುತ್ತಾರೆ ಹೇಳು? ಕಡೆಗೆ ಕಿಟಕಿಯ ಗಾಜಿಗೆ ಹೇಳಿದರು, ‘ಇನ್‌ಕಾಂಪ್ರಿಹೆನ್ಸಿಬಲ್’. ಮುಂದಿನಿಂದ ದೇವರಾಜ್ ‘ಇಮಿಡಾಕ್ಲೋಪ್ರಿಡ್’ ಎಂದರು. ನನಗೆ ಎರಡೂ ಒಂದೇ. ನಿಮ್ಮಪ್ಪ ಮಾತ್ರ ನೆಟ್ಟಗೆ ಕೂತರು. ಅದೇನು ಎಂದು ಕೇಳು ಅವನನ್ನು ಎಂದು ನನಗೆ ಹೇಳಿದರು. ಇಬ್ಬರ ನಡುವೆ ಇದ್ದದ್ದು ಒಂದು ಸೀಟು, ಆದರೂ ಮಾತು ನನ್ನ ಮೂಲಕವೇ ಹೋಗಬೇಕು. ಹುಳುವಿಗೆ ಹೊಡೆಯುವ ಔಷಧಿಯಂತೆ. ವಿಷದ ಹೆಸರು ಆಟಕ್ಕೆ ನಡೆಯುವುದಿಲ್ಲ ಎಂದು ಅವನಿಗೆ ಹೇಳು ಅಂದರು. “ಡಬ್ಬದ ಮೇಲೆ ಇಂಗ್ಲೀಷಲ್ಲೇ ಬರ್ದವ್ರೆ ಕಣತ್ತೆಮ್ಮ, ಬೇಕಾರೆ ತಂದು ತೋರುಸ್ತೀನಿ ಅನ್ನಿ,” ಎಂದರು ದೇವರಾಜ್. ನಿಮ್ಮಪ್ಪ ಬೆರಳು ಮಡಿಸಿ ಎಣಿಸಿ, ಹೇಗೂ ನನ್ನದೇ ಉದ್ದ ಎಂದು ಬಿಟ್ಟುಕೊಟ್ಟರು.

ಅಲ್ಲಿಂದ ಆಟ ಹತ್ತಿತು. ಎಚ್ ಎಸ್ ಬಂದಾಗ ಅಂಗಡಿಯವರು ‘ಫಾಸ್ಫರಸ್’ ಎಂದರೆ, ಮೇಷ್ಟ್ರು ಅವರ ತಲೆಯ ಹಿಂಭಾಗವನ್ನೇ ದುರುಗುಟ್ಟಿ ‘ಥಾಟ್‌ಲೆಸ್‌ನೆಸ್’ ಎಂದರು. ಅರ್ಥ ಕೇಳಿದೆ. ಹಿಂದುಮುಂದು ನೋಡದೆ ಮಾಡುವ ಕೆಲಸ, ರಿಜಿಸ್ಟರ್ ಆಫೀಸಿನಲ್ಲಿ ಮಾಡುವಂಥದ್ದು ಎಂದು ವಿವರಿಸಿದರು. ದೇವರಾಜ್ ಕಿವಿ ಕೆಂಪಾಯಿತು, ಆದರೆ ನಗುತ್ತಿದ್ದರು. ಬೈದಾದರೂ ಬೈದರಲ್ಲ ಎಂದು ನನಗೂ ಹಿಗ್ಗಾಯಿತು.

ಮೊಸಳೆ ಹೊಸಹಳ್ಳಿ ದಾಟಿದ ಮೇಲೆ ರಸ್ತೆ ಖಾಲಿ. ಒಂದು ಸ್ಕೂಟರೂ ಇಲ್ಲ. ನಿಮ್ಮಪ್ಪ ಕಾದರು, ಕತ್ತು ಚಾಚಿದರು, ಮುಖ ಬಾಡುತ್ತಾ ಬಂತು. ಇನ್ನೇನು ಮತ್ತೆ ಕಿಟಕಿಗೆ ತಿರುಗುತ್ತಾರೆ ಎನ್ನುವಾಗ ದೇವರಾಜ್ ಹೇಳಿದರು: “ಓ ಟಿ ಸಾ.” ನಾನು ಬಗ್ಗಿ ನೋಡಿದೆ. ಮುಂದೆ ಹೋಗುತ್ತಿದ್ದದ್ದು ಎರಡು ಎಮ್ಮೆ. ಕನ್ನಡಿಯಲ್ಲಿ ನಿನ್ನ ಗಂಡನ ಮುಖ ನೋಡಿದೆ, ಅವರು ನನ್ನ ಕಣ್ಣು ತಪ್ಪಿಸಿದರು. ಮುದುಕರ ಆಟ ನಿಲ್ಲಬಾರದೆಂದು ಎಮ್ಮೆಗೆ ನಂಬರು ಕೊಟ್ಟ ಹುಡುಗ ಕಣೆ ಅವನು! ಅವನು ಎಂದುಬಿಟ್ಟೆ, ಪ್ರೀತಿಗೆ ಬಂತು, ಇರಲಿ.

ನಿಮ್ಮಪ್ಪ ಒಂದು ಸಲ ಹುಬ್ಬೇರಿಸಿದರು. ಆಮೇಲೆ, ಕಿಟಕಿಗಲ್ಲ, ಮುಂದಕ್ಕೆ ನೋಡಿಕೊಂಡು, ‘ನಾಟ್‌ವಿತ್‌ಸ್ಟ್ಯಾಂಡಿಂಗ್’ ಎಂದರು. ಅರ್ಥ ಕೇಳಿದರೆ ನನಗೆ ಹೇಳಲಿಲ್ಲ. ಊರು ಬರುವವರೆಗೆ ಆ ಎಮ್ಮೆಗಳ ಹಿಂದೆ ಇಲ್ಲದ ಕಾರುಗಳೆಷ್ಟೋ ಬಂದವು.

ಮನೆ ಮುಂದೆ ಕಾರು ನಿಂತಿತು. ದೇವರಾಜ್ ಚೀಲವನ್ನು ಗೇಟಿನ ತನಕ ತಂದು ಅಲ್ಲೇ ನಿಂತರು. ನಿಮ್ಮಪ್ಪ ಹೊಸಲಿನ ಮೇಲೆ ನಿಂತು ತಿರುಗಿದರು. ಈಗ ಕರೆಯುತ್ತಾರೆ ಎಂದು ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಔಷಧಿ ಚೀಟಿ ಎಲ್ಲಿ ಎಂದು ನನ್ನನ್ನು ಕೇಳಿ ಒಳಗೆ ಹೋದರು. “ಇರ್ಲಿ ಬುಡಿ ಅತ್ತೆಮ್ಮ,” ಎಂದರು ನಿನ್ನ ಗಂಡ, “ಇಂಗ್ಲೀಷಲ್ಲಾದ್ರೂ ನಾಕು ಮಾತಾಡುದ್ರಲ್ಲ.” ನೀರು ಸಹ ಕುಡಿಯದೆ ಹೊರಟರು. ನಾನು ಅಡುಗೆಮನೆಗೆ ಹೋಗಿ ಅತ್ತೆ.

ಅದಕ್ಕೇ ಕೇಳುತ್ತೇನೆ ಪುಟ್ಟಿ. ಅಷ್ಟನ್ನೇ ಕರೆದಂತೆ ಎಂದು ತಿಳಿದು ಬಂದುಬಿಡು. ಬಾಯಿಬಿಟ್ಟು ಕರೆಯುವ ಜಾಯಮಾನ ಅವರದ್ದಲ್ಲ. ಮತ್ತೆ ಆ ಎಮ್ಮೆಯ ಸಂಗತಿ ಅಪ್ಪಿತಪ್ಪಿಯೂ ಅವರ ಕಿವಿಗೆ ಬೀಳಬಾರದು. ಕಣ್ಣು ಕಾಣದವನಿಗೆ ಮೋಸ ಮಾಡಿದ ಎಂದು ಹಿಡಿದುಕೊಂಡರೆ ಮುಗಿಯಿತು.

ದಾರಿ ಕಾಯುತ್ತಿರುವ,
ನಿನ್ನ ಅಮ್ಮ
ಅಂಬುಜ

ತಾ.ಕ.: ಇದು ಅಪ್ಪನ ಕೈಬರಹ. ಪಟ್ಟಿ ಬಿಚ್ಚಿದರೂ ವಾರದವರೆಗೆ ಏನೂ ಓದಕೂಡದು ಎಂದು ಡಾಕ್ಟರು ಹೇಳಿದ್ದಾರೆ. ನಿನ್ನನ್ನು ಹೆರಿಗೆಗೆ ಕರೆತರಲು ದಿನ ನೋಡೋಣವೆಂದು ಪಂಚಾಂಗ ತೆರೆದರೆ, ಒಳಗೆ ಈ ಕಾಗದ. ಈ ಮನೆಯಲ್ಲಿ ಪಂಚಾಂಗ ಮುಟ್ಟುವವನು ನಾನೊಬ್ಬನೇ ಎಂಬುದು ನಿಮ್ಮಮ್ಮನಿಗೆ ತಿಳಿಯದ್ದೇನಲ್ಲ.

ಅದು ಎಮ್ಮೆ ಎಂದು ಈಗ ಗೊತ್ತಾಯಿತು. ಕಾರಲ್ಲ ಎಂದು ಅಲ್ಲೇ ಗೊತ್ತಿತ್ತು. ಸೊನ್ನೆಯೆಂದು ತಪ್ಪು ತಿಳಿದಾರೆಂದು ನಂಬರ್ ಪ್ಲೇಟಿನ ನಡುವೆ ‘ಓ’ ಅಕ್ಷರ ಕೊಡುವುದೇ ಇಲ್ಲ. ಇಷ್ಟು ವರ್ಷ ನನ್ನ ಜೊತೆ ಆಡಿ, ಇದನ್ನು ನಿನ್ನ ಮನೆಯವರಿಗೆ ಹೇಳಿಕೊಡದಿದ್ದದ್ದು ನಿನ್ನ ತಪ್ಪು. ಅಲ್ಲೇ ಹಿಡಿಯಬಹುದಿತ್ತು, ಮನಸ್ಸು ಬರಲಿಲ್ಲ. ಆಗ ನಾನು ಹೇಳಿದ ಶಬ್ದಕ್ಕೆ ‘ಏನೇ ಆಗಿದ್ದರೂ’ ಎಂದು ಅರ್ಥ. ನಿಮ್ಮಮ್ಮನಿಗೆ ನೀನೇ ಹೇಳು.

ಬರುವ ಸೋಮವಾರ ಮತ್ತೆ ಹಾಸನಕ್ಕೆ ಹೋಗಬೇಕು. ಕೇದಾರನಿಗೆ ಈ ಸಲ ನಾನೇ ಜ್ವರ ಬರಿಸುತ್ತೇನೆ. ದಿನವೂ ಚೆನ್ನಾಗಿದೆ, ನೀನು ಬಟ್ಟೆಬರೆ ಕಟ್ಟಿಕೊಂಡು ಜೊತೆಗೇ ಬಾ. ದೇವರಾಜ್ ಮೊದಲು ಒಳಗೆ ಬಂದು, ಕೂತು ತಿಂಡಿ ತಿನ್ನಬೇಕು. ಆಮೇಲೆ ಕಾರು. ದಾರಿಯಲ್ಲಿ ಎಮ್ಮೆ ಸಿಕ್ಕರೆ ‘ಐ’ ಕೂಡ ಹೇಳುವ ಹಾಗಿಲ್ಲ, ಪ್ಲೇಟಿನಲ್ಲಿ ಅದೂ ಇರುವುದಿಲ್ಲ ಎಂದು ಅಳಿಯಂದಿರಿಗೆ ಈಗಲೇ ತಿಳಿಸಿಬಿಡು.