ಸ್ವಿಚ್‌ಬೋರ್ಡಿನ ಮೇಲೆ ಒಡೆದ ಕಾಯಿ

ತುರುವೇಕೆರೆ
೧೦-೨-೧೯೭೯

ನಾಟಕ ಮಂಡಳಿ ಅಧ್ಯಕ್ಷರಾದ ನಂಜಪ್ಪನವರಿಗೆ ಮೈಕ್‌ಸೆಟ್ ಬೋರಯ್ಯನ ನಮಸ್ಕಾರ.

ಈ ಸಲವೂ ಮೈಕು, ಲೈಟು ತರಲು ಬರೆದಿದ್ದೀರಿ. ಹೋದ ವರ್ಷದ ಪೂಜೆ ಮರೆತಿರಾ? ಬೇಡವೆಂದು ಕೈಮುಗಿದರೂ ನನ್ನ ಸ್ವಿಚ್‌ಬೋರ್ಡಿನ ಮೇಲೇ ಕಾಯಿ ಒಡೆದಿರಿ. "ನಮ್ ತೋಟದ ಕಾಯಿ ಕಣಯ್ಯ, ಏನೂ ಆಗಲ್ಲ ಬುಡು" ಅಂದಿರಿ. ಕಾಯಿನೀರು ಬೋರ್ಡಿನೊಳಕ್ಕೆ ಇಳಿಯಿತು. ಭೀಮನ ಪಾತ್ರದ ಈರಣ್ಣ ಮೈಕಿನ ಕಂಬ ಹಿಡಿದವನೇ ಕಿರುಚಿ ಬಿದ್ದ. ಅಭಿನಯವೆಂದುಕೊಂಡು ನೀವು "ಒನ್ಸ್ ಮೋರ್" ಎಂದು ಕೂಗಿದಿರಿ. ಅವನ ಬಲಗೈ ಇವತ್ತಿಗೂ ತುತ್ತು ಎತ್ತುವುದಿಲ್ಲ.

ಬರುತ್ತೇನೆ. ಆದರೆ ಪೂಜೆ ದೇವರ ಪಟಕ್ಕೆ ಮಾತ್ರ. ಅರ್ತ್ ತಂತಿಗೆ ಗುಂಡಿ ತೋಡಿಸಿಡಿ. ಪರದೆ ಏಳುವ ಮುಂಚೆ ನೀವೇ ಬರಿಗಾಲಲ್ಲಿ ನಿಂತು ಮೈಕಿನ ಕಂಬ ಹಿಡಿಯಬೇಕು. ಮುಂದಿನ ಸಾಲಿನಲ್ಲಿ ಈರಣ್ಣನನ್ನು ಕೂರಿಸುತ್ತೇನೆ. ಈ ಸಲ "ಒನ್ಸ್ ಮೋರ್" ಅನ್ನುವವನು ಅವನು.

ಇಂತಿ,
ಬೋರಯ್ಯ