ತಿಳವಳ್ಳಿ ಅಕ್ಕನ ಕಾಲು

ತಿಳವಳ್ಳಿ
ಶುಕ್ರವಾರ, ೨೫ ಏಪ್ರಿಲ್ ೨೦೨೫

ಅಂಕಿತಾಳ ಅಪ್ಪನವರಿಗೆ, ಸರೋಜವ್ವನ ನಮಸ್ಕಾರ.

ಕಣ್ಣು ಹೇಗಿದೆ? ಹೊತ್ತಿಗೆ ಸರಿಯಾಗಿ ಹನಿ ಹಾಕಿಸಿಕೊಳ್ಳುತ್ತಿದ್ದೀರಾ? ಪೊರೆ ತೆಗೆಸಿಕೊಂಡವರು ಹೊಗೆಗೆ ಹೋಗಬಾರದಂತೆ, ಬಗ್ಗಬಾರದಂತೆ, ಒಂದು ತಿಂಗಳು ಭಾರ ಎತ್ತಬಾರದಂತೆ. ಈ ಕೊನೆಯದನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ. ನಾನು ಚೆನ್ನಾಗಿದ್ದೇನೆ. ನನ್ನ ಕಾಲುಗಳೂ ಚೆನ್ನಾಗಿವೆ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಾನು ಒಂದು ಮಾತು ಶುರು ಮಾಡುವಷ್ಟರಲ್ಲಿ ನೀವು ಹತ್ತು ಮಾತಾಡಿ ನಗಿಸಿಬಿಡುತ್ತೀರಿ, ಈ ಸಲ ನನಗೆ ನಗುವ ಮನಸ್ಸಿಲ್ಲ. ಅಂಕಿತಾ, ಅಪ್ಪನ ಕಣ್ಣಿಗೆ ಪಟ್ಟಿ ಇರುವತನಕ ನೀನೇ ಓದಿ ಹೇಳಬೇಕು. ಗಟ್ಟಿಯಾಗಿ ಓದು, ಒಂದಕ್ಷರವನ್ನೂ ನುಂಗಬೇಡ.

ನೀವು ಹುಬ್ಬಳ್ಳಿಗೆ ಮಗಳ ಮನೆಗೆ ಹೋದ ಮೇಲೆ ಶಾವಿಗೆಯ ಕಟ್ಟುಗಳು ಪಡಸಾಲೆಯಲ್ಲಿ ಹಾಗೇ ಕುಳಿತಿದ್ದವು. ಮದುವೆಯ ದಿನಗಳು, ಬೇಕೆಂದವರ ಚೀಟಿ ಗೂಟಕ್ಕೆ ತೂಗುತ್ತಿತ್ತು. ಇಪ್ಪತ್ತೆರಡು ವರ್ಷ ನಾನು ಮಣೆಯ ಮೇಲೆ ಕುಳಿತು ಹೊಸೆದೆ, ನೀವು ಊರೂರು ತಿರುಗಿ ಮಾರಿದಿರಿ. ತಿರುಗಾಟದಿಂದ ಬಂದು ಕೈಕಾಲು ತೊಳೆದು ಕುಳಿತಿರೆಂದರೆ ಹಾನಗಲ್ಲಿನ ಚಹಾ ಅಂಗಡಿಯ ಶಿವಯೋಗಿ, ಸವಣೂರಿನಲ್ಲಿ ಬಟ್ಟೆ ಹೊಲಿಯುವ ದಿಲ್ಶಾದ, ಹುಲಗೂರು ದರ್ಗಾದ ಬಾಗಿಲಲ್ಲಿ ಹೂವು ಸಕ್ಕರೆ ಮಾರುವ ಮಾಬೂಬಿ, ಎಲ್ಲರೂ ನಮ್ಮ ಪಡಸಾಲೆಗೆ ಬಂದುಬಿಡುತ್ತಿದ್ದರು. "ಹೊಸಾ ಮಂದಿ ಗುರ್ತಾದ್ರ ಹೊಟ್ಟಿ ತುಂಬಿದಂಗ ಆಕ್ಕೇತಿ ನೋಡು" ಎನ್ನುತ್ತಿದ್ದಿರಿ. ನನ್ನನ್ನೂ ಒಮ್ಮೆ ಕರೆದುಕೊಂಡು ಹೋಗಿ ಎಂದರೆ, "ನಿನಗ್ಯಾಕ ಆ ತ್ರಾಸು? ನಾ ಬಂದು ಎಲ್ಲಾ ಹೇಳ್ತೇನಲ್ಲ" ಎಂಬ ಉತ್ತರ ಬಾಯಲ್ಲೇ ಇರುತ್ತಿತ್ತು. ಹೆಂಗಸರಿಗೆ ಬಸ್ಸು ಪುಕ್ಕಟೆಯಾಗಿ ಎರಡು ವರ್ಷವಾಗುತ್ತಾ ಬಂತು, ನನ್ನ ಆಧಾರ್ ಕಾರ್ಡು ಮಾತ್ರ ಪೆಟ್ಟಿಗೆಯ ತಳದಲ್ಲೇ ಇತ್ತು. ಮೊನ್ನೆ ಬುಧವಾರ ಅದನ್ನು ತೆಗೆದೆ. ಎರಡು ಚೀಲ ತುಂಬಿಕೊಂಡು ಹೊರಟೆ.

ಮೊದಲು ಹಿರೇಕೆರೂರು. ಬಸ್ಸು ಹತ್ತುವಾಗ ಹೆದರಿಕೆಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಪಕ್ಕದಲ್ಲಿ ಕುಳಿತವಳು ಚೀಲ ನೋಡಿ, "ಹಿಟ್ಟು ಎಷ್ಟೊತ್ತು ನೆನಸ್ತೀರಿ ಅಕ್ಕಾರ?" ಎಂದು ಕೇಳಿದಳು, ಅಷ್ಟೇ. ಇಳಿಯುವಷ್ಟರಲ್ಲಿ ಅವಳ ಸೊಸೆಯ ಬಸಿರು, ನನ್ನ ಬೆನ್ನುನೋವು, ಇಬ್ಬರ ಗಂಡಂದಿರ ಗೊರಕೆ, ಎಲ್ಲ ಮಾತಾಡಿ ಮುಗಿದಿತ್ತು. ಇಳಿಯುವಾಗ ನನ್ನ ಉಡಿಗೆ ಎರಡು ಮಾವಿನಕಾಯಿ ಹಾಕಿದಳು. ಹೆಸರು ಕೇಳುವುದನ್ನೇ ಮರೆತೆ. ನೀವು ಜ್ವರವಿದ್ದರೂ ಒಂದು ತಿರುಗಾಟ ತಪ್ಪಿಸದೆ ಇದ್ದುದು ಏಕೆಂದು ಆಗ ಗೊತ್ತಾಯಿತು. ನಿಮ್ಮ ಮೇಲೆ ಪ್ರೀತಿ ಉಕ್ಕಿ ಬಂತು. ಅದು ಹಾನಗಲ್ಲಿನವರೆಗೆ ಇತ್ತು.

ಹಾನಗಲ್ಲಿನಲ್ಲಿ ಶಿವಯೋಗಿಗೆ ಕಟ್ಟು ಕೊಟ್ಟೆ. "ನೀವು ಫಕ್ಕೀರಪ್ಪನ ತಂಗೇನ್ರಿ?" ಎಂದ. ಹೆಂಡತಿ ಎಂದೆ. ಕೈಯಲ್ಲಿದ್ದ ಕಪ್ಪು ಕೆಳಗಿಟ್ಟ. ನನ್ನ ಮುಖ ನೋಡಲಿಲ್ಲ, ಪಾದ ನೋಡಿದ. "ಮತ್ತ... ಕಾಲು?" ಎಂದ. ನನಗೆ ತಲೆಬುಡ ತಿಳಿಯಲಿಲ್ಲ. ರಾತ್ರಿ ಮನೆಗೆ ಬಂದೆ. ಮರುದಿನ ಸವಣೂರಿನಲ್ಲಿ ದಿಲ್ಶಾದ ಬಿಡಿಸಿ ಹೇಳಿದಳು. "ಎರಡೂ ಕಾಲು ಬಿದ್ದಾವ, ಹಾಸಗಿ ಬಿಟ್ಟು ಏಳಂಗಿಲ್ಲ, ಮಲಗಿದಲ್ಲೇ ಹೊಸೀತಾಳ ಅಂತಿದ್ರಲ್ರಿ ಅಣ್ಣಾರು! ಅದಕ್ಕ ನಾವು ಬ್ಯಾರೇದವ್ರ ಶಾವಿಗಿ ಮುಟ್ಟೂದಿಲ್ಲ." ಕಾಲಿಗೆ ತಿಕ್ಕಲೆಂದು ವರ್ಷವರ್ಷ ಎಣ್ಣೆ ಕಾಯಿಸಿ ಕಳಿಸುತ್ತಿದ್ದಳಂತೆ. ಕೂದಲಿಗೆ ಒಳ್ಳೆಯದು ಎಂದು ನೀವು ನನಗೆ ತಂದುಕೊಡುತ್ತಿದ್ದ ಎಣ್ಣೆ ಅದೇ ಅಲ್ಲವೇ? ನಾನು ಅದನ್ನು ತಲೆಗೆ ಹಚ್ಚಿಕೊಂಡು, ನನ್ನ ಮೇಲೆ ಎಷ್ಟು ಕಾಳಜಿ ಎಂದು ಓಣಿಯವರ ಮುಂದೆ ಹೇಳಿಕೊಂಡು ತಿರುಗಿದ್ದೇನೆ. ಮಣೆಯ ಮೇಲೆ ಎರಡೂ ಕಡೆ ಕಾಲು ಊರಿ ಒತ್ತಿ ಹಿಡಿಯದೆ ಶಾವಿಗೆಯ ಒಂದು ಎಳೆಯೂ ಇಳಿಯುವುದಿಲ್ಲ. ಅಷ್ಟೂ ಊರುಗಳಲ್ಲಿ ಒಬ್ಬರಿಗಾದರೂ ಇದು ಹೊಳೆಯಲಿಲ್ಲವಲ್ಲ, ನಿಮ್ಮ ಬಾಯಿ ಅಂಥದ್ದು.

ಅಲ್ಲಿಂದಲೇ ಮನೆಗೆ ತಿರುಗಬೇಕೆನಿಸಿತು. ಚೀಲದಲ್ಲಿ ಮಾಬೂಬಿಯ ಕಟ್ಟು ಒಂದೇ ಉಳಿದಿತ್ತು. ಶಿಗ್ಗಾಂವಿಯಲ್ಲಿ ಬಸ್ಸು ಬದಲಿಸಿ ಹುಲಗೂರಿಗೆ ಹೋದೆ. ನಿಮ್ಮ ಹೆಸರು ಹೇಳಿ, ಹೆಂಡತಿ ಎಂದೆ. ಆ ಮುದುಕಿ ಹೂವಿನ ಬುಟ್ಟಿ ಸರಿಸಿ, ನೆಲಕ್ಕೆ ಕುಳಿತು, ನನ್ನ ಎರಡೂ ಪಾದ ಹಿಡಿದುಕೊಂಡು ಅತ್ತಳು. "ಹನ್ನೊಂದು ವರ್ಷಾತು ಯವ್ವಾ, ಒಂದು ಗುರುವಾರ ತಪ್ಪಿಸಿಲ್ಲ, ನಿನ್ನ ಕಾಲಿಗಂತ ದರ್ಗಾದಾಗ ಸಕ್ರಿ ಮ್ಯಾಲ ದುವಾ ಓದಿಸೇನಿ. ನಿನ್ನ ಹೆಸರರ ಏನು? ಅಂವಾ ಹೇಳಿದ್ದಿಲ್ಲ. ತಿಳವಳ್ಳಿ ಅಕ್ಕ ಅಂತನ ಬೇಡ್ಕೊಂತಿದ್ದೆ."

ಕೇಳಿದಿರಾ? ಅವಳ ಮಗ ಯಾವ ಗ್ಯಾರೇಜಿನಲ್ಲಿದ್ದಾನೆ, ಅವಳಿಗೆ ಯಾವ ಹಲ್ಲು ನೋವು, ಅವಳ ಮೇಕೆ ಎಷ್ಟು ಮರಿ ಹಾಕಿತು, ಎಲ್ಲ ನನಗೆ ಗೊತ್ತಿತ್ತು. ಅವಳಿಗೆ ನನ್ನ ಹೆಸರೂ ಗೊತ್ತಿರಲಿಲ್ಲ. ಶಾವಿಗೆ ಮಾರಲು ಸುಳ್ಳು ಹೇಳಿದಿರಿ, ಹೋಗಲಿ, ವ್ಯಾಪಾರದಲ್ಲಿ ನಾಲ್ಕು ಮಾತು ಹೆಚ್ಚುಕಡಿಮೆ ಆಗುತ್ತವೆ. ಆದರೆ ಆ ಸುಳ್ಳು ಉಳಿಯಬೇಕಾದರೆ ನಾನು ಹೊಸಿಲು ದಾಟಬಾರದಿತ್ತು, ಅದಕ್ಕೇ ನನಗೆ ತ್ರಾಸಾಗುತ್ತದೆ ಎಂದಿರಿ. ಇಷ್ಟು ಒಳ್ಳೆಯ ಮಂದಿಯನ್ನೆಲ್ಲ ನೀವೊಬ್ಬರೇ ಇಟ್ಟುಕೊಂಡು ನನಗೆ ಬರೀ ಅವರ ಕಥೆ ಕೊಟ್ಟಿರಿ. ನೀವು ನನಗೆ ಮೋಸ ಮಾಡಿದಿರಿ. ನಿನ್ನೆ ಬರುವಾಗ ಬಸ್ಸಿನಲ್ಲಿ ಪಕ್ಕದವರು ಮಾತಾಡಿಸಿದರೆ ಉತ್ತರ ಕೊಡುವ ತ್ರಾಣವೂ ನನ್ನಲ್ಲಿರಲಿಲ್ಲ, ಅದೇ ನನಗೆ ಹೆಚ್ಚು ಹೊಟ್ಟೆ ಉರಿಸಿತು.

ಇರಲಿ. ಅಳಿಯನಿಗೆ ನನ್ನ ಆಶೀರ್ವಾದ ತಿಳಿಸಿ. ಹೊತ್ತಿಗೆ ಊಟ ಮಾಡಿ, ಕಣ್ಣು ಉಜ್ಜಿಕೊಳ್ಳಬೇಡಿ. ಹಾಲಿನಲ್ಲಿ ಬೇಯಿಸಿಕೊಡಲಿ ಎಂದು ಒಂದು ಕಟ್ಟು ಶಾವಿಗೆ ಈ ಪತ್ರದ ಜೊತೆ ಕಳಿಸಿದ್ದೇನೆ. ಕಾಲು ಊರಿಯೇ ಹೊಸೆದದ್ದು.

ನಿಮ್ಮ ಮನೆಯವಳು,
ಸರೋಜವ್ವ

ತಾ.ಕ.: ಈ ಪತ್ರ ಒಯ್ಯುವ ಬಸ್ಸಿನ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಶಿವಯೋಗಿಗೂ ದಿಲ್ಶಾದಳಿಗೂ ನಿಜ ಬಿಟ್ಟುಕೊಡದೆ ಬಂದಿದ್ದೆ, ಮಾಬೂಬಿಗಂತೂ ಹೇಳಲು ನನ್ನಿಂದ ಆಗಲೇ ಇಲ್ಲ. ಪಾದ ಹಿಡಿದು ಅಳುವವಳಿಗೆ ಹೇಗೆ ಹೇಳಲಿ? ಅವಳ ಸಕ್ಕರೆಯಿಂದಲೇ ವಾಸಿಯಾಯಿತು ಎಂದುಬಿಟ್ಟೆ. ಆಗ ಅವಳು ನಿಮ್ಮ ಹರಕೆ ನೆನಪಿಸಿದಳು. ಹೆಂಡತಿ ಎದ್ದು ನಡೆದ ದಿನ ಐದು ಕಿಲೋ ಸಕ್ಕರೆ ತಲೆಯ ಮೇಲೆ ಹೊತ್ತು ಶಿಗ್ಗಾಂವಿಯಿಂದ ಹುಲಗೂರಿಗೆ ನಡೆದು ಬರುತ್ತೇನೆ ಎಂದು ದರ್ಗಾದ ಮುಂದೆ ನಿಂತು ಹೇಳಿದ್ದಿರಂತೆ. ಶಿವಯೋಗಿಗೂ ದಿಲ್ಶಾದಳಿಗೂ ಅವಳು ಅಲ್ಲಿಂದಲೇ ನನ್ನ ಕೈಲಿ ಫೋನು ಮಾಡಿಸಿದಳು, ಇಬ್ಬರೂ ಬರುತ್ತಾರೆ. ನಿಮ್ಮ ಕಣ್ಣಿನ ತಿಂಗಳು ಕಳೆಯಲಿ ಎಂದು ನಾನೇ ಮೇ ೨೯ರ ಗುರುವಾರ ಗೊತ್ತು ಮಾಡಿ ಬಂದಿದ್ದೇನೆ. ನಾನು ಮುಂಚೆಯೇ ಬಸ್ಸಿನಲ್ಲಿ ಹೋಗಿ ಅವರೆಲ್ಲರ ಜೊತೆ ಕುಳಿತಿರುತ್ತೇನೆ. ನಿಜ ಹೇಳುವುದೋ ಬಿಡುವುದೋ ನೀವು ನಡೆಯುತ್ತಾ ಯೋಚಿಸಿ, ದಾರಿ ಉದ್ದ ಇದೆ.